ಉಳಿದದ್ದು ಮೂವತ್ತೊಂದನೆಯ ಹಾಡು

೨೦೦೪ನೇ ಇಸವಿ ಮಾರ್ಚ್ ೮, ಸೋಮವಾರ. ಬೆಳಿಗ್ಗೆ ೧೦ ಗಂಟೆ ೪೦ ನಿಮಿಷಕ್ಕೆ ಧಾರವಾಡದ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಎಡಗಾಲಲ್ಲಿ ಒಂದು ಚಪ್ಪಲಿ, ಬಲಗಾಲಲ್ಲಿ ಬೇರೊಂದು ಇತ್ತು. ಪಿಎಸ್‌ಐ ಪ್ರಭಾವತಿ ಮೊದಲು ನೋಡಿದ್ದು ಅದನ್ನೇ. ಅರವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಖಾದಿ ಸೀರೆ, ಕೈಯಲ್ಲಿ ನೀಟಾಗಿ ಬರೆದ ದೂರು. ಇಷ್ಟೆಲ್ಲ ಅಚ್ಚುಕಟ್ಟಾಗಿರುವವರು ಜೋಡಿ ತಪ್ಪಿದ ಚಪ್ಪಲಿ ಮೆಟ್ಟಿಕೊಂಡಿದ್ದಾರೆ ಎಂದರೆ ಮನೆಯಲ್ಲಿ ದೊಡ್ಡದೇನೋ ಆಗಿದೆ.

"ಕೂಡ್ರಿ ಅಕ್ಕಾರ. ಏನ್ ಕಳವಾಗೇತಿ?"

"ಒಬ್ಬ ಮುದುಕಿ," ಎಂದರು ಅವರು.

ಹೆಡ್ ಕಾನ್‌ಸ್ಟೇಬಲ್ ಹುಚ್ಚಪ್ಪ ಬರೆಯುವ ಕೈ ನಿಲ್ಲಿಸಿದ. "ಕಳವಾಗ್ಯಾಳೋ, ಕಾಣಿ ಆಗ್ಯಾಳೋ ನೋಡ್ಕೊಂಡ ಹೇಳ್ರಿ. ಎರಡಕ್ಕೂ ಬ್ಯಾರೆ ಬ್ಯಾರೆ ಕಾಗದ ಅದಾವ."

"ಮುದುಕಿ ಸತ್ತು ಹನ್ನೆರಡು ದಿನ ಆತ್ರಿ. ಆಕಿ ದನಿ ಕಳವಾಗೇತಿ."

ಬಂದವರ ಹೆಸರು ಮಂದಾಕಿನಿ, ನಿವೃತ್ತ ಕನ್ನಡ ಉಪನ್ಯಾಸಕಿ, ಸಪ್ತಾಪುರದಲ್ಲಿ ಒಂಟಿ ವಾಸ. ಮೂರು ವರ್ಷಗಳಿಂದ ಅವರು ಹತ್ತಿರದ ಗರಗ ಹಳ್ಳಿಯ ಗುಡ್ಡವ್ವ ಎಂಬ ನೂಲುವ ಮುದುಕಿಯ ಹಾಡುಗಳನ್ನು ಕೂಡಿಡುತ್ತಿದ್ದರು. ಗುಡ್ಡವ್ವನ ರಾಟಿ ತಿರುಗಿದರೆ ಬಾಯಿಯೂ ತಿರುಗುತ್ತಿತ್ತು. ಬೀಸುವ ಹಾಡು, ಸೋಬಾನೆ, ಎಲ್ಲಿಯೂ ಅಚ್ಚಾಗದವು, ಬೇರೆ ಯಾವ ಊರಲ್ಲೂ ಕೇಳದವು. ಮಂದಾಕಿನಿ ಅವನ್ನು ಅಂಗೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಮನೆಗೆ ಬಂದು ಮೇಜಿನ ಕಂಪ್ಯೂಟರಿನ ಪಕ್ಕದ ಸಣ್ಣ ಪೀಠದ ಮೇಲೆ ಅದನ್ನು ಕೂರಿಸಿದರಾಯಿತು. ಅವರು ಆ ಪೀಠವನ್ನು ಮಣೆ ಎನ್ನುತ್ತಿದ್ದರು. ಮಣೆ ಮೇಲೆ ಕುಳಿತ ಚಿಕ್ಕ ಯಂತ್ರ, ದೊಡ್ಡ ಯಂತ್ರ ಎರಡೂ ಒಂದರ ಹೊಟ್ಟೆ ಒಂದು ನೋಡಿಕೊಂಡು ಸರಿಸಮ ಆಗುತ್ತಿದ್ದವು.

"ಇನ್ನೂರಾ ಹದಿನಾಲ್ಕು ಇದ್ದುವು. ಇವತ್ತ ಮುಂಜಾನೆ ನೋಡಿದ್ರ ಒಂದ ಉಳದೈತಿ. ಎರಡೂ ಯಂತ್ರದಾಗ ಒಂದೊಂದ," ಎಂದರು ಮಂದಾಕಿನಿ. "ಮುದುಕಿನ್ನ ಮತ್ತ ಎಬ್ಬಿಸಿ ಹಾಡಸಲೇನ್ರಿ?"

ಕಂಪ್ಯೂಟರಿನೊಳಗಿನದನ್ನು ಅಳಿಸುವುದು ಹೊಸ ಐಟಿ ಕಾಯ್ದೆಯಡಿ ಅಪರಾಧ. ಆ ಠಾಣೆಯಲ್ಲಿ ಅದರಡಿ ಎಫ್‌ಐಆರ್ ಆದದ್ದು ಅದೇ ಮೊದಲು. ದೊಡ್ಡ ದರ್ಜೆಯವರೇ ತನಿಖೆ ಮಾಡಬೇಕೆಂಬ ನಿಯಮವಿದ್ದುದರಿಂದ ಎಸಿಪಿ ಸಾಹೇಬರು ತನಿಖಾಧಿಕಾರಿ ಎಂದು ಸಹಿ ಹಾಕಿ, ಓಡಾಟವನ್ನು ಪ್ರಭಾವತಿಗೆ ಬಿಟ್ಟರು.

೧೨ ಗಂಟೆ ೧೫ ನಿಮಿಷಕ್ಕೆ ಇಬ್ಬರು ಪಂಚರ ಮುಂದೆ ಸ್ಥಳ ಪಂಚನಾಮೆ ಆಯಿತು. ಕಂಪ್ಯೂಟರಿದ್ದ ಕೋಣೆಗೆ ಒಂದೇ ಬಾಗಿಲು, ಒಂದೇ ಕೀಲಿ. ಅದು ಸದಾ ಮಂದಾಕಿನಿಯ ಸೊಂಟದಲ್ಲಿ. ಕಿಟಕಿಯ ಸರಳು ಗಟ್ಟಿ. ಕೊಂಡಿ ಮುರಿದಿಲ್ಲ, ಧೂಳು ಕದಡಿಲ್ಲ. ಶನಿವಾರ ರಾತ್ರಿ ಮುಚ್ಚಿದ ಯಂತ್ರವನ್ನು ಭಾನುವಾರ ಸಂಜೆ ೭ರ ಸುಮಾರಿಗೆ ಮಂದಾಕಿನಿಯೇ ಚಾಲೂ ಮಾಡಿ, ಚಿಕ್ಕದನ್ನು ಮಣೆ ಮೇಲೆ ಕೂರಿಸಿ, ದಣಿದು ಮಲಗಿದ್ದರು. ಬೆಳಗ್ಗೆ ಎದ್ದರೆ ಮನೆ ಗುಡಿಸಿದಂತೆ ಎಲ್ಲ ಖಾಲಿ.

ಪರದೆಯ ಮೇಲೆ ಉಳಿದಿದ್ದ ಒಂದೇ ಸಾಲನ್ನು ಪ್ರಭಾವತಿ ಓದಿದಳು. ೩೧, ಜೋಗುಳ.

"ಇದನ್ನ ಹಚ್ಚರಿ."

ಮೊದಲು ರಾಟಿಯ ಗುಂಯ್ ಶಬ್ದ. ಅದರ ಬೆನ್ನಿಗೆ ತುಸು ಒಡೆದ, ಆದರೆ ಎಲ್ಲೂ ತಪ್ಪದ ದನಿ:

"ಅಳಬ್ಯಾಡ ನನ ದುರಗ, ಹಂಜಿ ಮುಗದಿಲ್ಲ ಇನ್ನ,
ಎಳಿ ಕಡದರ ಎದಿ ಕಡದೀತು, ಮಲಗೋ ನನ ಹೊನ್ನ."

ಪ್ರಭಾವತಿಯನ್ನು ಸಾಕಿದ್ದು ಅವಳ ಅಜ್ಜಿ, ಆಯಿ. ಊಟಕ್ಕಿಂತ ಹೆಚ್ಚು ಕತೆ ತಿಂದು ಬೆಳೆದವಳು ಅವಳು. ಖಾಕಿ ತೊಟ್ಟು ಐದು ವರ್ಷವಾದರೂ ಮುದುಕಿಯರ ದನಿ ಕಿವಿಗೆ ಬಿದ್ದರೆ ಇನ್ನೂ ಕಾಲು ಮಡಚಿ ಕೂಡಬೇಕೆನಿಸುತ್ತಿತ್ತು.

"ದುರಗ ಅಂದ್ರ?"

"ಆಕಿ ಮಗ, ದುರಗಪ್ಪ. ಗರಗದ ಬಸ್‌ಸ್ಟ್ಯಾಂಡಿನಾಗ ರೇಡಿಯೋ, ಟೇಪ್ ರಿಪೇರಿ ಮಾಡತಾನ. ಒಬ್ಬನ ಮಗ."

ಕದ್ದವನು ಇನ್ನೂರಾ ಹದಿಮೂರನ್ನು ಒಯ್ದು ಒಂದನ್ನು ಯಾಕೆ ಬಿಟ್ಟ? ಪ್ರಭಾವತಿ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಳು.

ಯಂತ್ರದ ಒಳಗನ್ನು ಬಲ್ಲವರು ಠಾಣೆಯಲ್ಲಿ ಯಾರೂ ಇರಲಿಲ್ಲ. ಮಂದಾಕಿನಿ ಒಂದು ಹೆಸರು ಹೇಳಿದರು: ರಾಜರತ್ನ, ಹುಬ್ಬಳ್ಳಿಯ ಬೈರಿದೇವರಕೊಪ್ಪದವನು. ಈ ಹಾಡುಗಳನ್ನು ಕೇಳಿ ಅಕ್ಷರಕ್ಕಿಳಿಸುತ್ತಿದ್ದವನು ಅವನೇ. ಪ್ರಭಾವತಿ ದೊಡ್ಡ ಯಂತ್ರಕ್ಕೆ ಮೊಹರು ಹಾಕಿಸಿದಳು. ಚಿಕ್ಕದನ್ನು ಹುಚ್ಚಪ್ಪನ ಕೈಗಿತ್ತು, "ರಾಜರತ್ನಗ ತೋರಿಸಿ, ಒಳಗ ಏನಾಗೇತಿ ಕೇಳ್ಕೊಂಡ ಬರ್ರಿ" ಎಂದು ಕಳಿಸಿದಳು. ೧ ಗಂಟೆ ೧೦ ನಿಮಿಷಕ್ಕೆ ಹುಚ್ಚಪ್ಪ ಹುಬ್ಬಳ್ಳಿ ಬಸ್ಸು ಹತ್ತಿದ.

ಆಮೇಲೆ ಅವಳು ಅದೇ ಮನೆಯಲ್ಲಿ ಮಂದಾಕಿನಿಯ ಎದುರು ಕುಳಿತಳು.

"ನಿನ್ನೆ ಎಲ್ಲಿ ಹೋಗಿದ್ರಿ?"

"ಗರಗಕ್ಕ. ಹನ್ನೊಂದನೇ ದಿನದ ಕಾರ್ಯ ಇತ್ತು."

"ಸಣ್ಣ ಯಂತ್ರ?"

"ಒಯ್ದಿದ್ದೆ. ಅದಕ್ಕೊಂದು ಕಾರಣ ಐತ್ರಿ." ಮಂದಾಕಿನಿ ನೀರು ಕುಡಿದರು. "ಜನವರಿ ಕಡೀ ವಾರ ನನಗ ಮೊಣಕಾಲ ನೋವು. ಯಂತ್ರ ಆಕಿ ಹತ್ರನ ಬಿಟ್ಟು ಬಂದಿದ್ದೆ. ಕೆಂಪು ಗುಂಡಿ ಒತ್ತೂದು ಆಕಿಗೆ ಕಲಿಸಿದ್ದೆ. ತಿರುಗಿ ಕೊಡುವಾಗ ಅಂದಳು, ಅಕ್ಕಾರ, ಕಡೀದು ಹಾಡಲ್ಲ, ಕತಿ ಐತಿ. ನಾ ಸತ್ತ ಮ್ಯಾಲ ನಾಕ ಮಂದಿ ಮುಂದ ಕೇಳ್ರಿ ಅಂತ. ಮಾತು ಕೊಟ್ಟಿದ್ದೆ. ಅದಕ್ಕ ನಾನೂ ಕೇಳಿರಲಿಲ್ಲ. ನಿನ್ನೆ ಪಡಸಾಲ್ಯಾಗ ಎಲ್ಲಾರ ಮುಂದ ಹಚ್ಚಿದೆ."

"ಏನ್ ಕತಿ?"

"ಒಂದೂರಾಗ ಒಬ್ಬಾಕಿ ನೂಲೋ ಮುದುಕಿ, ಆಕಿಗೊಬ್ಬ ಮಗ, ಒಬ್ಬಾಕಿ ಸೊಸಿ. ಅಷ್ಟ ಆಗಿತ್ತು. ದುರಗಪ್ಪ ಎದ್ದು, ಚಾರ್ಜ್ ಮುಗೀತು ಅಕ್ಕಾರ, ಒಳಗ ಹಚ್ಚತೇನಿ ಅಂತ ಒಯ್ದ. ಊಟ ಆಗಿ ಹೊರಡುವಾಗ ತಂದು ಕೊಟ್ಟ."

"ಎಷ್ಟ ಹೊತ್ತು ಅವನ ಕೈಯಾಗ ಇತ್ತು?"

"ಒಂದು ತಾಸು ಇರಬೇಕು. ಆದ್ರ ಕಳವಾದದ್ದು ನನ್ನ ಮನ್ಯಾಗ, ಕೀಲಿ ಹಾಕಿದ ಖೋಲ್ಯಾಗರಿ. ದೊಡ್ಡದು ಹೆಂಗೋ ಕೆಟ್ಟು ಸಣ್ಣದನ್ನೂ ತಿಂತು ಅಂದ್ಕೊಂಡೇನಿ."

ಪ್ರಭಾವತಿ ಪೆನ್ನಿನ ಮುಚ್ಚಳ ತಿರುಗಿಸುತ್ತ ಕುಳಿತಳು. ಆಯಿಯ ಕತೆಯೊಂದು ಕರೆಯದೆಯೇ ಬಂದು ಪಕ್ಕದಲ್ಲಿ ಕುಳಿತಂತಾಯಿತು. ರಾಕ್ಷಸ ಏಳು ಕೋಟೆಯೊಳಗೆ ಮಲಗಿರುತ್ತಾನೆ. ಯಾರೂ ಒಳಗೆ ಹೋಗುವಂತಿಲ್ಲ. ಅವನ ಜೀವ ಮಾತ್ರ ದೂರದ ಮರದ ಗಿಳಿಯಲ್ಲಿದೆ. ಅಲ್ಲಿ ಗಿಳಿಯ ರೆಕ್ಕೆ ಮುರಿದರೆ ಇಲ್ಲಿ ರಾಕ್ಷಸನ ತೋಳು ಕಳಚಿ ಬೀಳುತ್ತದೆ. ಕೋಟೆ ಒಡೆಯಬೇಕಾಗಿಯೇ ಇಲ್ಲ.

"ಅಕ್ಕಾರ, ಸಣ್ಣದ್ರಾಗ ಒಂದು ಹಾಡು ಅಳಿಸಿ ಮಣಿ ಮ್ಯಾಲ ಇಟ್ರ ದೊಡ್ಡದ್ರಾಗ ಏನಾಗತೈತಿ?"

"ಅಲ್ಲೂ ಅಳಿಸತೈತಿ. ಎರಡೂ ಸಮ ಆಗಬೇಕಲ್ರಿ, ಇಲ್ಲಿ ಮಾಡಿದ್ದು ಅಲ್ಲಿ..." ಮಂದಾಕಿನಿ ಖಾಲಿ ಮಣೆಯ ಕಡೆ ನೋಡಿದರು.

"ಇದು ದುರಗಪ್ಪಗ ಗೊತ್ತಿತ್ತೇನು?"

"ನಾನ ಹೇಳಿದ್ದೆ," ಎಂದರು ಮಂದಾಕಿನಿ. "ಹೋದ ದೀಪಾವಳಿಗೆ. ಯಂತ್ರದ ಮ್ಯಾಲ ಆಸೆ ಇದ್ದ ಮನಶ್ಯಾ ಅಂತ ಕುಂದರಿಸಿಕೊಂಡು ಹೇಳಿದ್ದೆ. ಅಂದ್ರ ನಿನ್ನೆ ಸಂಜಿಗೆ ಮಣಿ ಮ್ಯಾಲ ಇಟ್ಟು ಎಲ್ಲಾ ಅಳಿಸಿದಾಕಿ ನಾನ ಆದೆ."

ಪ್ರಭಾವತಿಗೆ ಅವರನ್ನು ಸಮಾಧಾನಪಡಿಸಲು ಬಿಡುವಾಗಲಿಲ್ಲ. ಅವಳ ತಲೆಯಲ್ಲಿ ಇನ್ನೊಂದು ಪ್ರಶ್ನೆ ಎದ್ದು ನಿಂತಿತ್ತು.

"ರಾಜರತ್ನ ಹಾಡು ಹೆಂಗ ಕೇಳತಾನ? ಅವನ ಹತ್ರ ಏನೈತಿ?"

"ಅವನ ಕಂಪ್ಯೂಟರಿಗೂ ಒಂದು ಮಣಿ ಐತಿ. ತಿಂಗಳಿಗೊಮ್ಮೆ ಹೋಗಿ ಸಮ ಮಾಡಿ ಬರತಿದ್ದೆ. ಫೆಬ್ರವರಿ ಒಂದಕ್ಕ ಹೋಗಿದ್ದೆ. ಈ ತಿಂಗಳು ಗುಡ್ಡವ್ವ ತೀರಿದ್ದಕ್ಕ ಹೋಗಲಿಲ್ಲ."

"ಹಂಗಾದ್ರ ಅವನ ಹತ್ರ ಇನ್ನೂರಾ ಹದಿನಾಲ್ಕೂ ಅದಾವು."

"ಅದಾವು," ಎಂದರು ಮಂದಾಕಿನಿ. ಮುಖದಲ್ಲಿ ಬೆಳಕು ಬಂದು ಕೂಡಲೇ ಆರಿತು. ಚಿಕ್ಕ ಯಂತ್ರ ಈಗ ಎಲ್ಲಿಗೆ ಹೊರಟಿದೆ ಎಂಬುದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಉಳಿದಿದ್ದ ಒಂದು ಗಿಳಿಯ ಕತ್ತು ಹಿಸುಕಲು ಪ್ರಭಾವತಿಯೇ ತನ್ನ ಹೆಡ್ ಕಾನ್‌ಸ್ಟೇಬಲನನ್ನು ಬಸ್ಸು ಹತ್ತಿಸಿದ್ದಳು.

೨ ಗಂಟೆ ೨೦ ನಿಮಿಷ. ರಾಜರತ್ನನ ಫೋನು ಎಂಗೇಜ್. ಮತ್ತೆ ಹಚ್ಚಿದಳು, ಎಂಗೇಜ್.

"ಇಂಟರ್‌ನೆಟ್ ಹಚ್ಚಿರತಾನ್ರಿ. ಅದು ಇರೂತನ ಫೋನ್ ಹತ್ತಂಗಿಲ್ಲ." ಮಂದಾಕಿನಿ ಹಳೆಯ ಡೈರಿ ತಿರುವಿದರು. ರಾಜರತ್ನನ ಮನೆಗೆ ಫೋನು ಬರುವ ಮೊದಲು ಅವನನ್ನು ಕರೆಯಿಸುತ್ತಿದ್ದ ಎಸ್‌ಟಿಡಿ ಬೂತಿನ ನಂಬರು ಅದರಲ್ಲಿತ್ತು. ಗುಲಾಬಸಾಬನ ಬೂತು, ಅವನ ಮನೆಯ ಎದುರಿಗೇ.

"ನಾ ಧಾರವಾಡದ ಪಿಎಸ್‌ಐ ಪ್ರಭಾವತಿ ಮಾತಾಡಾಕತ್ತೇನಿ. ರಾಜರತ್ನನ ಮನಿಗೆ ಓಡ್ರಿ. ಪೊಲೀಸಪ್ಪ ತಂದ ಯಂತ್ರ ಕಂಪ್ಯೂಟರಿಗೆ ಹಚ್ಚಬಾರದು. ಹಚ್ಚಿದ್ರ ಕಿತ್ತ ಒಗೀರಿ."

"ಯಾವ ಯಂತ್ರರಿ? ನನಗ ಅದರಾಗಿಂದು ಏನೂ ತಿಳಿಯಂಗಿಲ್ಲಲ್ರಿ ಬಾಯಾರ."

"ತಿಳಿಯೂದ ಬ್ಯಾಡ, ಓಡ್ರಿ."

ಜೀಪು ನವನಗರ ದಾಟಿ ಬೈರಿದೇವರಕೊಪ್ಪ ಮುಟ್ಟುವವರೆಗೆ ಮಂದಾಕಿನಿಯ ಬೆರಳು ಮಡಿಲಲ್ಲಿ ಎಣಿಸುತ್ತಿತ್ತು, ಎಷ್ಟನೆಯದು ಹೋಗಿರಬಹುದೆಂದು.

ರಾಜರತ್ನನ ಮನೆ ಕತ್ತಲಾಗಿತ್ತು. ಫ್ಯಾನು ನಿಂತಿತ್ತು. ಬಾಗಿಲಲ್ಲಿ ಗುಲಾಬಸಾಬ ಏದುಸಿರು ಬಿಡುತ್ತ ನಿಂತಿದ್ದ.

"ಯಾವ ವಾಯರ್ ಏನೋ ತಿಳೀಲಿಲ್ರಿ. ಮೇನ್ ಸ್ವಿಚ್ಚ ಬಂದ್ ಮಾಡಿ ಫ್ಯೂಜ್ ಕಿಸೇದಾಗ ಹಾಕ್ಕೊಂಡ ನಿಂತೇನಿ. ಇವರಿಬ್ಬರೂ ಬೈಯಾಕತ್ತಾರ."

ಹುಚ್ಚಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. "ಹಚ್ಚಿ ಎರಡು ಮಿನೀಟ ಆಗಿತ್ರಿ ಮೇಡಂ. ಇವರು ಚಾ ಕೊಟ್ಟಿದ್ರು, ಮತ್ತೊಂದು ಕಪ್ ತಗೋರಿ ಅಂದ್ರು. ಆ ಎರಡನೇ ಚಾ ಕುಡೀಲಿಲ್ಲಂದ್ರ ಮೊದಲ ಹಚ್ಚತಿದ್ವಿ."

ಚಿಕ್ಕ ಯಂತ್ರವನ್ನು ಮಣೆಯಿಂದ ತೆಗೆದು ಪಂಚರ ಮುಂದೆ ಮೊಹರು ಮಾಡಿದ ಮೇಲೆಯೇ ಗುಲಾಬಸಾಬ ಫ್ಯೂಸು ಕೊಟ್ಟ. ಕಂಪ್ಯೂಟರು ಎದ್ದಿತು. ರಾಜರತ್ನ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದ. ಹಣೆಯ ಬೆವರು ಮೂಗಿನ ತುದಿಗೆ ಇಳಿದರೂ ಒರೆಸಿಕೊಳ್ಳಲಿಲ್ಲ. ಅಳಿಸುವಿಕೆ ಒಂದರಿಂದ ಶುರುವಾಗಿ ಅರವತ್ತೊಂದಕ್ಕೆ ನಿಂತಿತ್ತು. ನಡುವೆ ಮೂವತ್ತೊಂದು ಮಾತ್ರ ಇತ್ತು.

"ಅರವತ್ತು ಹ್ವಾದುವ್ರಿ ಅಕ್ಕಾರ. ಕರೆಂಟ್ ಕಡದದ್ದಕ್ಕ ಉಳಿದಾವ ಉಳದುವು."

"ಇನ್ನೂರಾ ಹದಿನಾಲ್ಕನೇದು? ಆ ಕಡೀ ಕತಿ?" ಎಂದಳು ಪ್ರಭಾವತಿ.

"ಐತ್ರಿ. ಇನ್ನೂ ನಾ ಕೇಳಿಲ್ಲ, ನೂರಾ ಇಪ್ಪತ್ತರತನ ಅಷ್ಟ ಬರದೇನಿ."

೩ ಗಂಟೆ ೩೫ ನಿಮಿಷಕ್ಕೆ, ಪಂಚರ ಸಮಕ್ಷಮ, ಸತ್ತ ಗುಡ್ಡವ್ವ ರಾಟಿ ತಿರುಗಿಸಿದಳು.

"ಒಂದೂರಾಗ ಒಬ್ಬಾಕಿ ನೂಲೋ ಮುದುಕಿ ಇದ್ದಳು. ಆಕಿಗೊಬ್ಬ ಮಗ, ಮಗಗ ಒಬ್ಬಾಕಿ ಹೇಣ್ತಿ. ಸೊಸಿ ಹಾಡಾಕ ಹತ್ತಿದ್ರ ರಾಟಿ ತಾನ ತಿರಗತಿತ್ತು, ಎಳಿ ಕಡೀತಿದ್ದಿಲ್ಲ. ಊರ ಮಂದಿ ಬಾಗಲದಾಗ ನಿಂತು ಕೇಳತಿದ್ರು. ಮಗ ಬ್ಯಾಡ ಅಂದ. ಸೊಸಿ ಬಾಗಲಾ ಮುಚ್ಚಿ ಹಾಡಿದಳು. ಒಂದಿನ ಮುದುಕಿ ನೂಲಾಕ ಹಂಜಿ ತರಾಕ ಹೋಗಿದ್ದಳು. ಬಂದು ನೋಡಿದ್ರ ಸೊಸಿ ಇಲ್ಲ. ಓಡಿ ಹ್ವಾದಳು ಅಂದ ಮಗ. ಊರೂ ಹೌದಂತು. ಪಡಸಾಲ್ಯಾಗಿನ ಹಗೇವಿನ ಬಾಯಿಗೆ ಹಸಿ ಮಣ್ಣು ಮೆತ್ತಿತ್ತು. ಇಪ್ಪತ್ತು ವರ್ಷ ಜ್ವಾಳ ಕಾಣದ ಹಗೇವಿಗೆ ಹಸಿ ಮಣ್ಣ್ಯಾಕ? ಮುದುಕಿ ಕೇಳಲಿಲ್ಲ. ಅವನ್ನ ಹಡದ ಹೊಟ್ಟಿ, ಕೇಳಾಕ ಬಾಯಿ ಬರಲಿಲ್ಲ."

ರಾಟಿ ನಿಂತಿತು. ಎಳೆ ಕಡಿದಿರಬೇಕು. ಮತ್ತೆ ಶುರುವಾಯಿತು.

"ಮುದುಕಿ ರಾಟಿ ತಂದು ಆ ಹಗೇವಿನ ಕಲ್ಲಿನ ಮ್ಯಾಲ ಇಟ್ಟಳು. ಆರು ವರ್ಷ ಅಲ್ಲೇ ಕುಂತು, ಸೊಸಿ ಹಾಡತಿದ್ದ ಹಾಡು ಒಂದೊಂದ ನೆಪ್ಪು ಮಾಡಿಕೊಂಡು ಹಾಡಿದಳು, ತೆಳಗಿನಾಕಿಗೆ ಕೇಳಸಲಿ ಅಂತ. ಅಕ್ಕಾರ, ನಾ ನಿಮಗ ಕೊಟ್ಟ ಹಾಡು ನನ್ನವಲ್ಲ. ಜೋಗುಳ ಒಂದ ನಂದು. ಉಳದಾವೆಲ್ಲಾ ನನ್ನ ಸೊಸಿ ದ್ರಾಕ್ಷಾಯಿಣಿವು. ಕತಿ ಮುಗೀತು. ಕಲ್ಲು ತಗೀರಿ."

ಹಗೇವು ಎಂದರೇನೆಂದು ಆ ಕೋಣೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಹಿಂದೆ ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ, ಆಳೆತ್ತರ ಮೀರಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮಂದಾಕಿನಿ ತಮ್ಮ ಅಂಗೈಯನ್ನೇ ನೋಡುತ್ತಿದ್ದರು.

"ಮೂರು ವರ್ಷ," ಎಂದರು. "ಅದ ಕಲ್ಲಿನ ಮ್ಯಾಲ ಚಾಪಿ ಹಾಸಿ ನನ್ನ ಕುಂದರಿಸತಿದ್ದಳು. ಅಲ್ಲೇ ಕುಂತು ಚಾ ಕುಡೀತಿದ್ದೆ."

ಗರಗ ಠಾಣೆಯ ಕಡತಗಳಲ್ಲಿ ೧೯೯೮ರ ಒಂದು ಅರ್ಜಿ ಸಿಕ್ಕಿತು. ಮಗಳು ದ್ರಾಕ್ಷಾಯಿಣಿ ಕಾಣುತ್ತಿಲ್ಲವೆಂದು ತಾಯಿ ರುಕ್ಮವ್ವ ಕೊಟ್ಟದ್ದು. ಮೇಲೆ ಕೆಂಪು ಶಾಯಿಯಲ್ಲಿ ಷರಾ: ಪರಪುರುಷನೊಂದಿಗೆ ಹೋಗಿರುವುದಾಗಿ ಗಂಡನ ಹೇಳಿಕೆ, ಮುಕ್ತಾಯಗೊಳಿಸಿದೆ.

ಮಾರ್ಚ್ ೯, ಮಂಗಳವಾರ, ಬೆಳಿಗ್ಗೆ ೯ ಗಂಟೆ ೩೦ ನಿಮಿಷ. ತಹಶೀಲ್ದಾರರು, ವೈದ್ಯರು, ಗರಗ ಠಾಣೆಯವರು, ಪಂಚರು ಗುಡ್ಡವ್ವನ ಪಡಸಾಲೆಯಲ್ಲಿ ನಿಂತರು. ದುರಗಪ್ಪ ತಲೆ ಬೋಳಿಸಿಕೊಂಡು ಕಂಬಕ್ಕೆ ಒರಗಿ ಕುಳಿತಿದ್ದ. ನಲವತ್ತರ ಆಸುಪಾಸು, ಬೆರಳ ತುದಿಗಳಲ್ಲಿ ಬೆಸುಗೆಯ ಸುಟ್ಟ ಕಲೆ. ಯಾಕೆ ಬಂದಿರಿ ಎಂದು ಅವನು ಕೇಳಲಿಲ್ಲ.

ರಾಟಿಯನ್ನು ಹುಚ್ಚಪ್ಪ ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟ. ಕದಿರಿನಲ್ಲಿ ಅರ್ಧ ನೂಲು ಹಾಗೇ ಇತ್ತು. ಚಾಪೆ ಎತ್ತಿ, ಸಗಣಿ ಸಾರಿಸಿದ ಪದರ ಕೆತ್ತಿ, ಹಾರೆಯಿಂದ ಚಪ್ಪಡಿ ಮೀಟಿದಾಗ ಒಳಗಿನಿಂದ ತಣ್ಣನೆಯ ಗಾಳಿ ಬಂದು ಎಲ್ಲರ ಪಾದ ಸವರಿತು. ಒಬ್ಬ ಕಾನ್‌ಸ್ಟೇಬಲ್ ಇಳಿಯಲು ಹಗ್ಗ ಕಟ್ಟಿಕೊಂಡ.

"ಹಂಗ ಇಳೀಬ್ಯಾಡ್ರಿ," ಎಂದ ದುರಗಪ್ಪ. ಅವನು ಆಡಿದ ಮೊದಲ ಮಾತು ಅದು. "ಒಳಗ ಗಾಳಿ ಕೆಟ್ಟಿರತೈತಿ. ಮೊದಲ ಕಂದೀಲ ಬಿಡ್ರಿ. ಆರಿದ್ರ ಇಳೀಬ್ಯಾಡ್ರಿ. ಎಡಗಡೆ ಮೂಲ್ಯಾಗ ಅದಾಳ."

ಕಂದೀಲು ಇಳಿಯಿತು. ಆರಲಿಲ್ಲ. ಎಡಮೂಲೆಯಲ್ಲಿ ಹಸಿರು ಬಳೆಗಳು ಒಡೆಯದೆ ಎಲುಬಿನ ಸುತ್ತಲೇ ಇದ್ದವು. ಬೆಳ್ಳಿಯ ಕಾಲುಂಗುರ ನಾಲ್ಕು. ತಲೆಬುರುಡೆಯ ಹಿಂಭಾಗದಲ್ಲಿ ಬಿರುಕು. ಬಾಗಿಲಾಚೆ ನೆರೆದ ಹೆಂಗಸರಲ್ಲಿ ಒಬ್ಬಳಾದರೂ ಅಳಲಿಲ್ಲ. ಆರು ವರ್ಷ ಬಾಯಿ ತುಂಬ ಓಡಿಹೋದವಳೆಂದು ಆಡಿಕೊಂಡವರು, ಈಗ ಅದೇ ಬಾಯಿಗೆ ಸೆರಗು ಒತ್ತಿ ಹಿಡಿದು ನಿಂತಿದ್ದರು.

ರುಕ್ಮವ್ವನನ್ನು ಕರೆತಂದರು. ಕಾಲುಂಗುರ ನೋಡಿ, "ಹೌದ್ರಿ, ನಾನ ಮಾಡಿಸಿದ್ದು" ಎಂದಳು. ಸಹಿಗೆ ಹೆಬ್ಬೆಟ್ಟು ಒತ್ತಿದ ಮೇಲೆ ಕೇಳಿದಳು, "ಹಂಗಾದ್ರ ನನ್ನ ಮಗಳು ಎಲ್ಲೂ ಹೋಗಿದ್ದಿಲ್ಲ ಅಂತ ಅದರಾಗ ಬರದೀರೇನು?"

"ಬರದೇವಿ," ಎಂದಳು ಪ್ರಭಾವತಿ.

೧೧ ಗಂಟೆ ೨೫ ನಿಮಿಷಕ್ಕೆ ದುರಗಪ್ಪನ ದಸ್ತಗಿರಿ ಆಯಿತು. ಕೊಲೆ, ಸಾಕ್ಷ್ಯನಾಶದ ಕಲಮುಗಳಡಿ ಗರಗ ಠಾಣೆಯಲ್ಲಿ ಬೇರೆ ಎಫ್‌ಐಆರ್ ದಾಖಲಾಯಿತು.

ಸಂಜೆ ಠಾಣೆಯಲ್ಲಿ ಪ್ರಭಾವತಿ ಹೇಳಿಕೆ ಬರೆದುಕೊಳ್ಳುವಾಗ ಅವನು ತಡವರಿಸಲಿಲ್ಲ.

"ಯಾಕ ಹೊಡದಿ?"

"ರೇಡಿಯೋದವರು ಹಾಡಾಕ ಬಾ ಅಂತ ಕಾರ್ಡ ಕಳಿಸಿದ್ರು. ನಂದು ರೇಡಿಯೋ ರಿಪೇರಿ ಅಂಗಡಿ. ಆಕಿ ಹೋಗಿ ಹಾಡಿದ್ರ ನಾ ಬಿಚ್ಚಿ ಜೋಡಿಸಿದ ಡಬ್ಬಿಯಾಗೆಲ್ಲಾ ಆಕಿ ದನಿ ಬರತಿತ್ತು. ಊರ ಮಂದಿ ನನ್ನ ಅಂಗಡಿಗೆ ಬಂದು, ದ್ರಾಕ್ಷಾಯಿಣಿ ಗಂಡ ಇವನ ಅಂತಿದ್ರು. ನಾ ಎಲ್ಲೆ ಹೋಗಲಿ? ಬ್ಯಾಡ ಅಂದೆ. ನಕ್ಕಳು. ನನ್ನ ಕೈಯಾಗ ಒನಕಿ ಇತ್ತು."

"ಕತಿ ಒಂದು ಅಳಿಸಿದ್ರ ಸಾಕಾಗತಿತ್ತು. ಎಲ್ಲಾ ಯಾಕ ಅಳಿಸಿದಿ?"

"ಒಂದ ಅಳಸಾಕ ಹೋಗಿದ್ದೆ. ಅದನ್ನ ಹುಡಕುವಾಗ ಒಂದೊಂದ ಕೇಳಿದೆ. ದನಿ ನಮ್ಮವ್ವಂದು. ಹಾಡು ಆಕಿವ. ನಮ್ಮವ್ವನ ಬಾಯಾಗ ಕುಂತು ಆರು ವರ್ಷ ನನ್ನ ಮನ್ಯಾಗ ಹಾಡ್ಯಾಳ. ನನಗ ತಿಳೀಲೇ ಇಲ್ಲ."

"ಮೂವತ್ತೊಂದು?"

ಅವನು ಮೊದಲ ಸಲ ತಲೆ ಎತ್ತಿದ. "ಅದರಾಗ ನನ್ನ ಹೆಸರೈತ್ರಿ."

ಪ್ರಭಾವತಿ ಬರೆದುಕೊಂಡಳು. ಹೊರಗೆ ಹುಚ್ಚಪ್ಪ ಮೇಣದಬತ್ತಿಗೆ ಅರಗು ಕಾಯಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಚಿಕ್ಕ ಯಂತ್ರಕ್ಕೆ ಕೋರ್ಟಿಗೆ ಕಳಿಸಲು ಹೊಸ ಮೊಹರು ಒತ್ತುತ್ತಿದ್ದ. ಚೀಟಿಯ ಮೇಲೆ ಮುದ್ದೆಮಾಲು ಸಂಖ್ಯೆ ಎರಡು ಎಂದಿತ್ತು.

"ಮೇಡಂ," ಎಂದ ದುರಗಪ್ಪ. "ಅದನ್ನೊಂದು ಸಲ ಕೇಳಸ್ರಿ. ಅರ್ಧಾ ಅಷ್ಟ ಕೇಳಿದ್ದೆ. ಅಳು ಬಂತಂತ ಬಂದ್ ಮಾಡಿದ್ದೆ."

ಅವಳು ಕಿಟಕಿಯಿಂದ ಆಚೆ ನೋಡಿದಳು. ಅರಗು ಇನ್ನೂ ಹಸಿಯಾಗಿತ್ತು. ಕೋರ್ಟಿನ ಅಪ್ಪಣೆಯಿಲ್ಲದೆ ಇನ್ನು ಅದನ್ನು ಯಾರೂ ಬಿಚ್ಚುವಂತಿರಲಿಲ್ಲ.